ಮೂರನೇ ನುಡಿಗೆ ಮುಂಚೆ

ಆ ದರ್ಜಿ ದೇವರಿಗೆ ಮಾಡುತ್ತಿದ್ದ ಸೇವೆ ಒಂದೇ: ಸಂಜೆ ಆರೂವರೆಗೆ ಹೊಲಿಗೆ ಮಷೀನಿನಿಂದ ಕಾಲು ತೆಗೆಯುವುದು. ಅದೂ ಭಕ್ತಿಯಿಂದಲ್ಲ, ಹೆಂಡತಿಯ ಕಾಟಕ್ಕೆ. ಅವಳು ಕೆಲಸದಿಂದ ಬಂದು, ಮುಖ ತೊಳೆದು, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಪ್ರಾರ್ಥನೆ ಹಾಡುವ ಹೊತ್ತು ಅದು. ಆಗ ಮಷೀನು ಗಡಗಡ ಅಂದರೆ ಅವಳು ಕೆಂಗಣ್ಣು ಬಿಡುತ್ತಿದ್ದಳು. ಹಾಗಾಗಿ ಇವನು ಕುತ್ತಿಗೆಯ ಟೇಪನ್ನೂ ತೆಗೆಯದೆ, ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದ. ಬೆಳಗ್ಗೆಯೇ ಓದಿ ಮುಗಿಸಿದ ಪೇಪರ್! ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು.

ಹೆಂಡತಿಯದು ರೈಲು ನಿಲ್ದಾಣದಲ್ಲಿ ಕೆಲಸ. ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುವವಳು, ಊರಿಗೆಲ್ಲ ಮೈಕಕ್ಕ. ಆ ದನಿಯ ಬಗ್ಗೆ ಏನು ಹೇಳುವುದು! ಗಾಡಿ ಎರಡು ಗಂಟೆ ತಡ ಅಂತ ಅವಳು ಹೇಳಿದರೆ ಜನ ಬೈಯುವುದನ್ನು ಮರೆತು ತೆಪ್ಪಗೆ ಬೆಂಚು ಹುಡುಕುತ್ತಿದ್ದರು. ದರ್ಜಿ ಇದನ್ನು ಯಾರ ಮುಂದೆಯೂ ಹೊಗಳಿದವನಲ್ಲ. ಆದರೆ ನಿಲ್ದಾಣದ ಹತ್ತಿರ ಕೆಲಸವಿದ್ದರೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದ.

ಮನೆಯ ಹಾಡು ಅವಳ ತಾಯಿ ಕಟ್ಟಿದ್ದು. ಮೂರೇ ನುಡಿ. "ಬೆಳಕ ಕೊಟ್ಟವ ನೀನು, ಇರುಳ ಕೊಟ್ಟವ ನೀನು, ಕೊಟ್ಟ ಕೈಯನು ಬಿಡದೆ ನಡೆವೆ ನಾನು" ಅಂತ ಶುರು. ಎರಡನೇ ನುಡಿ ಮುಗಿಯುವ ಹೊತ್ತಿಗೆ ಒಲೆಯ ಮೇಲಿಟ್ಟ ಹಾಲು ಕಾದಿರುತ್ತಿತ್ತು. ಪ್ರಾರ್ಥನೆ ಮುರಿಯಬಾರದು, ಹಾಲೂ ಉಕ್ಕಬಾರದು. ಅದಕ್ಕೇ ಆ ಜಾಣೆ ಅದೇ ರಾಗದಲ್ಲಿ, ಒಂದು ಸ್ವರವನ್ನೂ ಕೆಡಿಸದೆ, "ಹಾಲಿಟ್ಟಿದ್ದೀನಿ ಕಣ್ರೀ, ಒಲೆ ಆರಿಸ್ರೀ" ಅಂತ ಹಾಡಿ ಮೂರನೇ ನುಡಿಗೆ ಹೋಗುತ್ತಿದ್ದಳು. ದರ್ಜಿ ಗೊಣಗುತ್ತ ಎದ್ದು ಹೋಗಿ ಒಲೆ ಆರಿಸಿ ಬರುತ್ತಿದ್ದ.

ಅಂಥವಳ ಗಂಟಲಲ್ಲಿ ಒಂದು ಗಂಟು ಎದ್ದಿತು. ಗಂಟು ಕೆಟ್ಟದ್ದೇನಲ್ಲ, ಆಪರೇಷನ್ನೂ ಚೆನ್ನಾಗಿಯೇ ಆಯಿತು. ಆದರೆ ದನಿಯ ನರ ಸೋತುಹೋಗಿತ್ತು. ಬಾಯಿ ತೆರೆದರೆ ಬರೀ ಉಸಿರು. "ಆರು ತಿಂಗಳು ನೋಡೋಣ. ಬಂದ್ರೆ ಅಷ್ಟರೊಳಗೆ ಬರುತ್ತೆ. ಇಲ್ದಿದ್ರೆ ಇಲ್ಲ" ಅಂದರು ಡಾಕ್ಟರು.

ದರ್ಜಿಗೆ ಕೆಂಡಾಮಂಡಲ ಸಿಟ್ಟು. ಡಾಕ್ಟರ ಮೇಲಲ್ಲ, ಮೇಲಿನವನ ಮೇಲೆ. "ನಿನ್ನ ದೇವರಿಗೆ ಕಿತ್ಕೊಳ್ಳೋಕೆ ಬೇರೆ ಏನೂ ಸಿಗಲಿಲ್ವೇನೇ? ನಮ್ಮ ಅಕ್ಕ ಹಗಲೂ ರಾತ್ರಿ ವಟವಟ ಅಂತಾಳಲ್ಲ, ಅವಳ ಗಂಟಲು ಕಾಣ್ಲಿಲ್ವಾ?"

ಅವಳು ಅವನ ಮೇಜಿನಿಂದ ಕರಿ ಬಟ್ಟೆಯ ತುಂಡನ್ನೂ, ಅವನು ಗುರುತು ಹಾಕುವ ಸೀಮೆಸುಣ್ಣವನ್ನೂ ಎತ್ತಿಕೊಂಡು ಬರೆದಳು: "ಕೊಟ್ಟಾಗ ಯಾಕೆ ಕೊಟ್ಟೆ ಅಂತ ಕೇಳಿರಲಿಲ್ಲ." ಅದರ ಕೆಳಗೆ: "ಅಳು ಬರುತ್ತೆ. ಅದು ಬೇರೆ."

ದರ್ಜಿ ಬಟ್ಟೆ ಒದರಿ ಸೀಮೆಸುಣ್ಣ ಉದುರಿಸಿದ. ಅವತ್ತಿನಿಂದ ಆ ತುಂಡೇ ಅವಳ ಬಾಯಿಯಾಯಿತು.

ಅವತ್ತೇ ಸಂಜೆ ಆರೂವರೆಗೆ ಅವಳು ಮುಖ ತೊಳೆದು ಸ್ಟೂಲಿನ ಮೇಲೆ ಕೂತಳು. ಮಷೀನು ನಿಲ್ಲಿಸಬೇಕೋ ಬೇಡವೋ ಅಂತ ಇವನಿಗೆ ತಿಳಿಯಲಿಲ್ಲ. ನಿಲ್ಲಿಸಿದ. ಪೇಪರಿನ ಅಂಚಿನಿಂದ ಕದ್ದು ನೋಡಿದರೆ ಅವಳ ತುಟಿಗಳು ಅಲುಗುತ್ತಿದ್ದವು, ಮೂರೂ ನುಡಿ, ಅದೇ ಲಯದಲ್ಲಿ. ಹಾಲನ್ನು ಮೊದಲೇ ಇಳಿಸಿ ಬಂದಿದ್ದಳು. ತನ್ನನ್ನು ಯಾರೂ ಒಲೆಗೆ ಅಟ್ಟದಿದ್ದರೂ ಅವನು ಎದ್ದು ಹೋಗಿ ಆರಿದ ಒಲೆಯನ್ನು ನೋಡಿ ಬಂದ. ಮನೆಯಲ್ಲಿ ಅಷ್ಟೊಂದು ಮೌನವನ್ನು ಅವನು ಕೇಳಿಯೇ ಇರಲಿಲ್ಲ.

ನಿಲ್ದಾಣದವರು ಅವಳನ್ನು ಪ್ರಯಾಣಿಕರು ಮರೆತುಹೋದ ವಸ್ತುಗಳ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ನೆಲದಿಂದ ಚಾವಣಿವರೆಗೆ ಕೊಡೆ, ಚೀಲ, ಒಂಟಿ ಚಪ್ಪಲಿ. ಅಲ್ಲಿದ್ದ ಸ್ಪೀಕರಿನಿಂದ ಅವಳ ಜಾಗಕ್ಕೆ ಬಂದವಳ ದನಿ ದಿನವಿಡೀ ಕೇಳಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು, ನಾನಂತೂ ಖಂಡಿತ. ಇವಳು ಆ ಹೊಸಬಳಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಚೀಟಿ ಬರೆದು ಕಳಿಸಿದಳು. ಒಂದು ಮಧ್ಯಾಹ್ನ ದರ್ಜಿ ಊಟದ ಡಬ್ಬಿ ಕೊಡಲು ಹೋದಾಗ ಅವಳು ಯಾರೋ ಬಿಟ್ಟುಹೋದ ಕೈಗಡಿಯಾರಗಳಿಗೆ ಒಂದೊಂದಾಗಿ ಕೀಲಿ ಕೊಡುತ್ತಿದ್ದಳು.

"ಇದನ್ನ ಮಾಡು ಅಂತ ಯಾರು ಹೇಳಿದ್ರು ನಿಂಗೆ?"

ಅವಳು ಬಟ್ಟೆ ಹರಡಿ ಬರೆದಳು: "ಕಳ್ಕೊಂಡವರ ಕೈಗೆ ಹೋಗುವಾಗ ಓಡ್ತಿರಲಿ."

"ಇಷ್ಟು ದಿನದಿಂದ ಯಾರೂ ಬಂದಿಲ್ವಲ್ಲೇ!"

"ಬರಬಹುದು" ಅಂತ ಬರೆದು ಮುಂದಿನ ಗಡಿಯಾರ ಎತ್ತಿಕೊಂಡಳು. ದರ್ಜಿ ಡಬ್ಬಿ ಇಟ್ಟು ಮನೆಗೆ ಬಂದ. ಆ ಹೆಂಗಸಿನ ಮುಂದೆ ತಾನು ಎಷ್ಟು ಚಿಕ್ಕವನು ಅಂತ ಅವನಿಗೆ ದಾರಿಯುದ್ದಕ್ಕೂ ಅನಿಸುತ್ತಲೇ ಇತ್ತು.

ಆರು ತಿಂಗಳು ತುಂಬಿದ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿದರು, ಮತ್ತೊಮ್ಮೆ ನೋಡಿದರು. ಕೊನೆಗೆ ಕನ್ನಡಕ ತೆಗೆದು, "ಇನ್ನು ಬರಲ್ಲಮ್ಮ. ಕ್ಷಮಿಸಿ" ಅಂದರು. ಅವಳು ಕೈಮುಗಿದು ಎದ್ದಳು. ದಾರಿಯಲ್ಲಿ ಒಂದೇ ಒಂದು ಸಲವೂ ಅವನ ಮುಖ ನೋಡಲಿಲ್ಲ.

ಮನೆಗೆ ಬಂದು ಹಾಲು ಒಲೆಗಿಟ್ಟಳು, ಮುಖ ತೊಳೆದಳು, ಸ್ಟೂಲಿನ ಮೇಲೆ ಕೂತಳು. ಗಂಟೆ ಆರೂವರೆ. ಕೂತಳು, ಅಷ್ಟೇ. ದರ್ಜಿ ಪೇಪರಿನ ಅಂಚಿನಿಂದ ನೋಡಿದ. ಅವಳ ತುಟಿ ಅಲುಗುತ್ತಿರಲಿಲ್ಲ. ಒಮ್ಮೆ ತೆರೆಯಿತು, ನಡುಗಿತು, ಮುಚ್ಚಿಕೊಂಡಿತು. ಮತ್ತೆ ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಆದರೂ ಅವಳು ಎದ್ದು ಹೋಗಲಿಲ್ಲ. ಹಾಡಲಾಗದಿದ್ದರೂ ಜಾಗ ಬಿಡದೆ ಕೂತಿದ್ದಳು, ಕಣ್ಣೀರು ಸುರಿಯುತ್ತಿತ್ತು.

ದನಿ ಹೋದದ್ದನ್ನು ಅವನು ಹೇಗೋ ಸಹಿಸಿದ್ದ. ಇದನ್ನು ಸಹಿಸಲಾಗಲಿಲ್ಲ. ಪೇಪರ್ ಮಡಿಲಿಗೆ ಬಿತ್ತು. ಜನ್ಮದಲ್ಲಿ ಹಾಡದ ಮನುಷ್ಯ ಬಾಯಿ ತೆರೆದ.

"ಬೆಳಕ ಕೊಟ್ಟವ ನೀನು, ಇರುಳ ಕೊಟ್ಟವ ನೀನು..."

ಅದನ್ನು ಹಾಡು ಅಂದರೆ ಹಾಡಿಗೆ ಅವಮಾನ. ಎಣ್ಣೆ ಕಾಣದ ಮಷೀನಿನ ಹಾಗಿತ್ತು ದನಿ. ಆದರೆ ಒಂದು ಮಾತೂ ತಪ್ಪಲಿಲ್ಲ. ಅವಳು ಸರಕ್ಕನೆ ತಿರುಗಿದಳು. ಇವನು ನಾಚಿಕೆಯಿಂದ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ, ಬೆವರುತ್ತಿದ್ದ. ಮೊದಲ ನುಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಅದೇ ಭಕ್ತಿಯಲ್ಲಿ, ಅದೇ ರಾಗದಲ್ಲಿ, ಟೇಪಿನ ಎರಡು ತುದಿಗಳನ್ನು ಎದೆಗೆ ಒತ್ತಿಕೊಂಡು ಮುಂದಿನ ಸಾಲು ಹಾಡಿದ:

"ಹಾಲಿಟ್ಟಿದ್ದೀನಿ ಕಣ್ರೀ, ಒಲೆ ಆರಿಸ್ರೀ..."

ಹಾಡಿದ ಮೇಲೆ ತಾನು ದೇವರಿಗೆ ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ಕಣ್ಣು ಬಿಟ್ಟರೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಸದ್ದಿಲ್ಲದ ನಗು, ಬರೀ ಉಸಿರು, ಕೆನ್ನೆಯ ಮೇಲೆ ಇನ್ನೂ ಕಣ್ಣೀರು. ಒಳಗಿಂದ ಸುಟ್ಟ ವಾಸನೆ ಬಂತು. ಹಾಲು ನಿಜಕ್ಕೂ ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ದರ್ಜಿ ಓಡಿಹೋಗಿ ಆರಿಸಿ, ಬೆರಳು ಸುಟ್ಟುಕೊಂಡು ಬಂದ.

ಬರುವಷ್ಟರಲ್ಲಿ ಅವಳು ಕರಿ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಬರೆಯುತ್ತಿದ್ದಳು. ಅವನು ಬಗ್ಗಿ ಓದಿದ.

"ನನ್ನ ಹಾಡನ್ನ ಎಲ್ಲಿಟ್ಟೆ ಅಂತ ಆರು ತಿಂಗಳು ಮೇಲಿನವನನ್ನ ಕೇಳಿದೆ."

ಸೀಮೆಸುಣ್ಣ ಕೆಳಗಿನ ಸಾಲಿಗೆ ಇಳಿಯಿತು.

"ಪೇಪರ್ ಹಿಂದೆ ಇಟ್ಟಿದ್ದಾನೆ."

ದರ್ಜಿ ಅದನ್ನು ಇನ್ನೊಮ್ಮೆ ಓದಿದ. ಬಟ್ಟೆ ಒದರಲು ಕೈ ಚಾಚಿದವನು ಹಾಗೇ ಹಿಂದಕ್ಕೆ ತೆಗೆದುಕೊಂಡ. ಅವಳು ಸ್ಟೂಲಿನ ಅಂಚನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದಳು, ಮೂರನೇ ನುಡಿ ಇನ್ನೂ ಬಾಕಿಯಿತ್ತು. ಅವನು ಅವಳ ಕಾಲ ಬಳಿ ನೆಲದ ಮೇಲೇ ಕೂತು ಶುರು ಮಾಡಿದ. ಅವಳ ತುಟಿಗಳು ಅವನ ಜೊತೆ ಅಲುಗಿದವು.