ಬೇಕರಿ ಗಾಡಿಯ ಸೋರಿಕೆ

ತುಟಿಯ ಮೇಲೇ ಬಿತ್ತು, ಥೂ, ಬೆಚ್ಚಗಿನ ಒಂದು ತೊಟ್ಟು ಎಣ್ಣೆ, ಒರೆಸಿಕೊಳ್ಳೋಣವೆಂದರೆ ಕೈತುಂಬ ಅದೇ, ತೋಳಿಗೆ ಉಜ್ಜಿದರೆ ತೋಳಲ್ಲೂ ಅದೇ, ಸುಟ್ಟ ಕಹಿ ನಾಲಿಗೆಯ ತುದಿಗೆ ತಾಗಿಯೇಬಿಟ್ಟಿತು, ಉಗುಳಿದೆ, ಉಗುಳಿದ್ದು ಗುಂಡಿಯ ತಳದ ಕಪ್ಪು ನೀರಿನಲ್ಲಿ ಬೆಳ್ಳಗೆ ತೇಲುತ್ತಿದೆ, ಇನ್ನು ಅದನ್ನೇ ತುಳಿದುಕೊಂಡು ನಿಲ್ಲಬೇಕು — ಇಪ್ಪತ್ತಾರು ವರ್ಷ ಈ ಗ್ಯಾರೇಜಿನ ಗುಂಡಿಯಲ್ಲಿ ನಿಂತು ತಲೆಯ ಮೇಲೆ ಗಾಡಿಗಳ ಹೊಟ್ಟೆ ನೋಡಿದ್ದಾಯಿತು, ಒಂದು ದಿನವೂ ಊಟಕ್ಕೆ ಮುಂಚೆ ಕೈ ಪೂರ್ತಿ ಬೆಳ್ಳಗಾಗಿದ್ದಿಲ್ಲ, ಹೆಂಡತಿ ದಿಂಬಿನ ಕವರು ಒಗೆಯುವಾಗ ಮೂಗು ಮುಚ್ಚಿಕೊಳ್ಳುತ್ತಾಳೆ, ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಚಿಕ್ಕಪ್ಪನಾಗಿದ್ದರೆ ಉಗುಳುತ್ತಿರಲಿಲ್ಲ, ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದ, ಹೆಬ್ಬೆರಳಿಂದ ತಿಕ್ಕುತ್ತಿದ್ದ, ಆಮೇಲೆ ನಾಲಿಗೆ ಚಾಚಿ ಮುಟ್ಟಿಸುತ್ತಿದ್ದ, ಗೇರ್ ಎಣ್ಣೆ ಅಲ್ಲ ಕಣೋ, ಎಂಜಿನ್‌ದೇ, ಅನ್ನುತ್ತಿದ್ದ, ಏನೋ ಸಾರಿಗೆ ಉಪ್ಪು ನೋಡಿದವನ ಹಾಗೆ, ಪ್ರತಿ ಸಲವೂ ನಾನು ಮುಖ ತಿರುಗಿಸುತ್ತಿದ್ದೆ. ಈಗ ಅವನ ಮಾತು ಬೇಡ, ಮೇಲೆ ನೋಡು, ಟಾರ್ಚು ಹಿಡಿ. ಮೇಲಿಂದ ಬೇಕರಿಯಕ್ಕ ಕೂಗುತ್ತಿದ್ದಾಳೆ, ಅಣ್ಣಾ, ಸಿಕ್ತಾ? ಗುಂಡಿಯ ಅಂಚಿನಲ್ಲಿ ಅವಳ ಪಾದ ಮಾತ್ರ ಕಾಣುತ್ತಿದೆ, ಹಿಮ್ಮಡಿಯ ಬಿರುಕುಗಳಲ್ಲಿ ಮೈದಾ ಕೂತಿದೆ, ತೊಳೆದರೂ ಹೋಗದ ಮೈದಾ, ಅವಳಿಗೆ ಅದು, ನನಗೆ ಇದು. ಇನ್ನೂ ಇಲ್ಲಕ್ಕಾ, ಒಂದೈದು ನಿಮಿಷ, ಅಂದೆ, ಐದು ನಿಮಿಷ ಐದು ನಿಮಿಷ ಅಂತ ಎರಡು ತಿಂಗಳಾಯಿತು, ಈ ಸೋರಿಕೆಗೆಂದೇ ಗಾಡಿ ಇಲ್ಲಿಗೆ ಬರುತ್ತಿರುವುದು ಇದು ಮೂರನೆಯ ಸಲ.

ಬೆಳಿಗ್ಗೆ ಬಂದವಳೇ ಚೀಲದಿಂದ ಒಂದು ಬ್ರೆಡ್ಡು ತೆಗೆದು ನನ್ನ ಮೂಗಿಗೆ ಹಿಡಿದಳು, ಮೂಸಿ. ಏನಕ್ಕಾ ಇದು. ಮಾತು ಬೇಡ, ಮೂಸಿ, ಅಂದಳು. ಮೂಸಿದೆ, ಮೊದಲು ಬರೀ ಬ್ರೆಡ್ಡಿನ ವಾಸನೆ, ಬೆಚ್ಚಗೆ, ಸ್ವಲ್ಪ ಹುಳಿ, ಅದರ ಅಡಿಯಿಂದ ನಿಧಾನವಾಗಿ ಎದ್ದು ಬಂತು, ಸುಟ್ಟ ಎಣ್ಣೆಯದು, ಈ ಗುಂಡಿಯದು, ನನ್ನ ಅಂಗಿಯದು. ಗೊತ್ತಾಯ್ತಾ? ಎರಡು ಅಂಗಡಿಯೋರು ಟ್ರೇ ಸಮೇತ ವಾಪಸ್ ಕಳ್ಸಿದ್ರು, ಆಸ್ಪತ್ರೆ ಕ್ಯಾಂಟೀನಿನವನು ನಾಳೆಯಿಂದ ತರಬೇಡಿ ಅಂದ, ರೋಗಿಗಳು ವಾಂತಿ ಮಾಡ್ಕೊಂಡ್ರೆ ನಾನು ಹೊಣೆಯಾ ಅಂತ ನನ್ನ ಮುಖಕ್ಕೇ ಕೇಳ್ದ, ಹದಿನೆಂಟು ವರ್ಷದಿಂದ ಬ್ರೆಡ್ಡು ಮಾಡ್ತಿದೀನಿ ಅಣ್ಣಾ, ಇಂಥ ಮಾತು ಯಾರೂ ಆಡಿರ್ಲಿಲ್ಲ. ಒಂದು ತುಂಡು ಮುರಿದು ಕೊಟ್ಟಳು, ಯಾಕೆ ಬಾಯಿಗೆ ಹಾಕಿಕೊಂಡೆನೋ, ಬೇಡ ಅನ್ನಬಹುದಿತ್ತು, ಅವಳು ನಾನು ನುಂಗುವವರೆಗೂ ನೋಡುತ್ತಲೇ ನಿಂತಳು, ಇನ್ನೂ ಗಂಟಲಲ್ಲೇ ಇದೆ, ಅಂಟಿಕೊಂಡು. ಹೇಗಾಗುತ್ತದೆಂಬುದರಲ್ಲಿ ಗುಟ್ಟೇನಿಲ್ಲ, ಎಣ್ಣೆ ಎಲ್ಲಿಂದಲೋ ಸೋರಿ ಕಾದ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತದೆ, ಚುಯ್ಯೆಂದು ಹೊಗೆಯಾಗುತ್ತದೆ, ಹಳೇ ಗಾಡಿ, ಸಂದುಗೊಂದು ಜಾಸ್ತಿ, ಹೊಗೆ ಒಳಗೆ ನುಗ್ಗುತ್ತದೆ, ಹಿಂದಿನ ಸೀಟು ತೆಗೆಸಿ ಜೋಡಿಸಿಟ್ಟ ಟ್ರೇಗಳ ಮೇಲೆ ಕೂರುತ್ತದೆ. ಎಲ್ಲಿ ಬೀಳುತ್ತದೆಂದು ಯಾರು ಬೇಕಾದರೂ ಹೇಳಬಹುದು, ಎಲ್ಲಿಂದ ಅನ್ನುವುದು ತಾನೇ ಕೆಲಸ. ಎಣ್ಣೆ ಒಂದು ಕಡೆ ಹುಟ್ಟಿ ಇಳಿಯುತ್ತಾ ಇಳಿಯುತ್ತಾ ಹರಡುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕೊನೆಗೆ ನೋಡಿದರೆ ಇಡೀ ಹೊಟ್ಟೆಯೇ ಒದ್ದೆ. ನೆಲ ನೋಡ್ಬೇಡ್ವೋ, ಮೇಲಿಂದ ಇಳ್ಕೊಂಡು ಬಾ, ಒದ್ದೆ ಎಲ್ಲಿ ಶುರುವಾಗುತ್ತೋ ಅಲ್ಲಿ ನಿಲ್ಲು — ಮತ್ತೆ ಚಿಕ್ಕಪ್ಪ, ಎಷ್ಟು ತೊಳೆದರೂ ಕಿವಿಯಿಂದ ಹೋಗುವುದಿಲ್ಲ.

ಅವನು ಹೇಳಿಕೊಟ್ಟಂತೆಯೇ ಮಾಡಿದ್ದೇನೆ, ಬೇರೆ ದಾರಿ ಯಾವುದು, ಸೀಮೆಎಣ್ಣೆ ಬ್ರಷ್ಷಿನಲ್ಲಿ ಎಂಜಿನ್ನು ಪೂರ್ತಿ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರು ಒಂದು ಡಬ್ಬಿ ಪೂರ್ತಿ ಎರಚಿ, ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಲು ಬಿಟ್ಟೆ, ಬಿಳೀ ಪೌಡರಿನ ಮೇಲೆ ಎಣ್ಣೆ ತಾನಾಗಿ ಗೆರೆ ಎಳೆಯುತ್ತದೆ. ಆದರೆ ಆ ವಾಸನೆ, ಗುಲಾಬಿಯಂತೆ ಗುಲಾಬಿ, ಬಿಸಿ ಎಂಜಿನ್ನಿನ ಮೇಲೆ ಸಿಹಿ ಪೌಡರು, ಸತ್ತವರ ಮನೆಯಲ್ಲೂ ಇಷ್ಟು ಕೆಟ್ಟ ಸಿಹಿ ಇರುವುದಿಲ್ಲ, ಚಿಕ್ಕಪ್ಪನ ಕತ್ತಿನದೂ ಇದೇ ವಾಸನೆ, ಸ್ನಾನವಾದ ಮೇಲೆ ಕುತ್ತಿಗೆಯ ಸುಕ್ಕುಗಳಿಗೆಲ್ಲ ಹಚ್ಚಿಕೊಂಡು ಹಿತ್ತಿಲ ಬಾಗಿಲ ಬೆಂಚಿನ ಮೇಲೆ ಕೂರುತ್ತಾನೆ, ಮೂರು ವಾರದಿಂದ ಅಲ್ಲೇ ಕೂತಿದ್ದಾನೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು, ಈ ಕೆಲಸ ಕಲಿಸಿದವನು, ಎಲ್ಲ ಸರಿ, ಆದರೆ ಬೆಳಿಗ್ಗೆ ಬಚ್ಚಲಿಗೆ ಹೋದರೆ ಗ್ಲಾಸಿನಲ್ಲಿ ಅವನ ಹಲ್ಲುಸೆಟ್ಟು ನಗುತ್ತಾ ಕೂತಿರುತ್ತದೆ, ಗುಲಾಬಿ ಬಣ್ಣದ ಒಸಡು, ಸಂದಿನಲ್ಲಿ ರಾತ್ರಿಯ ಅನ್ನದ ಅಗುಳು, ಅದೇ ಗ್ಲಾಸನ್ನು ಅವನು ಆಮೇಲೆ ತೊಳೆದು ಬೋರಲು ಹಾಕುತ್ತಾನೆ, ಯಾವ ಗ್ಲಾಸೆಂದು ಗೊತ್ತಾಗದೆ ನಾನು ಮೂರು ವಾರದಿಂದ ಬಾಟಲಿಯಿಂದಲೇ ನೀರು ಕುಡಿಯುತ್ತಿದ್ದೇನೆ. ಊಟಕ್ಕೆ ಕೂತರೆ ಸೊರ್ ಅನ್ನುವ ಸದ್ದು, ಕೈ ನಡುಕ, ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ, ಹೆಂಡತಿ ಸುಮ್ಮನೆ ಒದ್ದೆ ಬಟ್ಟೆ ತಂದು ಒರೆಸುತ್ತಾಳೆ, ನಾನು ತಟ್ಟೆ ಎತ್ತಿಕೊಂಡು ಟೀವಿಯ ಮುಂದೆ ಹೋಗಿ ಕೂರುತ್ತೇನೆ, ಹೋಗಲಿ, ಹೇಸಿಗೆಯೆಂದರೆ ಹೇಸಿಗೆ, ಸುಳ್ಳೇಕೆ ಹೇಳಲಿ. ಅವತ್ತು ಗ್ಯಾರೇಜಿನ ಅಂಗಳದಲ್ಲಿ ಅವನು ಬಾಯಿ ತೆರೆದು ನಿಂತಾಗಲೂ ನಾನು ನೋಡಿದ್ದು ಆ ಹಲ್ಲುಸೆಟ್ಟನ್ನೇ, ಹೊಸದು, ಬಾಯಿಗಿಂತ ದೊಡ್ಡದು. ಎರಡನೆಯ ಸಲ ಗಾಡಿ ಬಂದ ದಿನ ಅದು. ಮೊದಲ ಸಲ ಬಂದಾಗ ಎಂಜಿನ್ನಿನ ನೆತ್ತಿಯ ಮುಚ್ಚಳದ ಹತ್ತಿರ ಎಣ್ಣೆ ಕಂಡಿತ್ತು, ಚಿಕ್ಕಪ್ಪ ಮುಚ್ಚಳ ಬಿಚ್ಚಿ ಎಣ್ಣೆ ತಡೆಯುವ ರಬ್ಬರು ಪಟ್ಟಿ, ಹೊಸ ಗ್ಯಾಸ್ಕೆಟ್ ಹಾಕಿದ್ದ, ಐದು ವಾರಕ್ಕೆ ಗಾಡಿ ಮತ್ತೆ ಸೋರುತ್ತಾ ಬಂತು. ಅವನು ಗುಂಡಿಗೆ ಇಳಿದು ನೋಡಿ, ಮೇಲೆ ಬಂದು, ಆಯಿಲ್ ಫಿಲ್ಟರ್ ಬಿಚ್ಚಿ ನೋಡೋಣ ಕಣೋ, ಅಂದ. ನಾನು, ಅದು ಹೊಸ ಫಿಲ್ಟರ್, ಆಯಿಲ್ ಚೇಂಜ್ ಎಲ್ಲ ನೀವೇ ತಾನೇ ಮಾಡೋದು, ನೀವೇ ಹಾಕಿ ನೀವೇ ಅನುಮಾನ ಪಟ್ರೆ ಹೇಗೆ ಚಿಕ್ಕಪ್ಪ? ಆಗ ಬಾಯಿ ತೆರೆದ, ಬೇಕರಿಯಕ್ಕನನ್ನು ನೋಡಿದ, ನನ್ನನ್ನು ನೋಡಿದ, ಮುಚ್ಚಿಕೊಂಡ. ನಾನು ಅವಳ ಕಡೆ ತಿರುಗಿ ಹೇಳಿದೆ, ಅಕ್ಕಾ, ಇವ್ರ ಕೈ ನಡುಗುತ್ತೆ, ಮುಚ್ಚಳದ ಬೋಲ್ಟು ಸರಿಯಾಗಿ ಬಿಗಿಯಾಗಿಲ್ಲ, ನಾಳೆಯಿಂದ ಇವ್ರು ಮನೇಲಿರ್ತಾರೆ, ನಾನೇ ನೋಡ್ಕೋತೀನಿ. ಅವನು ಎದುರಿಗೇ ಇದ್ದ. ಇವ್ರು ಅಂದೆ, ಯಾರೋ ದಾರಿಹೋಕರ ಬಗ್ಗೆ ಹೇಳುವ ಹಾಗೆ. ಅವನು ಸ್ಪ್ಯಾನರುಗಳನ್ನು ಒರೆಸಿ ಗೋಡೆಗೆ ತೂಗುಹಾಕಿದ, ಸಣ್ಣದರಿಂದ ದೊಡ್ಡದಕ್ಕೆ, ಬೆರಳ ಸಂದುಗಳಿಗೆಲ್ಲ ಸೋಪು ಹಾಕಿ ಕೈ ತೊಳೆದ, ನಡೆದುಕೊಂಡು ಹೋದ, ಬಿಟ್ಟು ಬರ್ತೀನಿ ಇರಿ ಎಂದು ನಾನು ಅನ್ನಲಿಲ್ಲ. ಆಮೇಲೆ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದರೆ ಒಂದೂ ಅಲುಗಲಿಲ್ಲ, ಕಲ್ಲಿನ ಹಾಗೆ ಕೂತಿದ್ದವು, ಆದರೂ ಅವಳು ನೋಡುತ್ತಿದ್ದಳಲ್ಲ, ಉಸಿರು ಬಿಗಿಹಿಡಿದು, ಮುಖ ಕಿವುಚಿ, ತಿರುಗಿಸಿದ ಹಾಗೆ ಮಾಡಿದೆ.

ಹತ್ತು, ಮೇಲೆ ಹತ್ತು, ಶುರುವಿನಿಂದ ನೋಡು. ಬಾನೆಟ್ ಎತ್ತಿದರೆ ಮುಖಕ್ಕೆ ಬಿಸಿ ಗಾಳಿ, ಗುಲಾಬಿ, ವಾಕರಿಕೆ ಗಂಟಲಿಗೆ ಬಂದು ಬ್ರೆಡ್ಡಿನ ಜೊತೆ ನಿಂತಿತು. ಬೇಕರಿಯಕ್ಕ ಪಕ್ಕದಲ್ಲೇ, ಏನಣ್ಣಾ, ಮುಖ ಹಿಂಗಿದೆ? ಏನಿಲ್ಲಕ್ಕಾ. ಟಾರ್ಚು ಮುಚ್ಚಳದ ಸುತ್ತ ಓಡಿಸಿದೆ, ಬಿಳುಪು, ಎಲ್ಲ ಕಡೆ ಬಿಳುಪು, ಹೇಗೆ ಹಚ್ಚಿದ್ದೆನೋ ಹಾಗೇ ಇದೆ, ಎಂಟು ಬೋಲ್ಟುಗಳ ತಲೆಯ ಮೇಲೂ ಪೌಡರು ಹಿಟ್ಟಿನ ಹಾಗೆ ಕೂತಿದೆ, ಒಂದು ಕಡೆಯೂ ಒಂದು ಗೆರೆ ಇಲ್ಲ, ಬೆರಳಿಟ್ಟು ನೋಡಿದೆ, ಒಣ. ಚಿಕ್ಕಪ್ಪ ಹಾಕಿದ ಗ್ಯಾಸ್ಕೆಟ್ ಒಣ. ನಡುಗುವ ಕೈ ಬಿಗಿ ಮಾಡಿದ ಎಂಟೂ ಬೋಲ್ಟು ಒಣ. ಸರಿ, ಇರಲಿ, ಹಿಂದಗಡೆ ನೋಡೋಣ, ಅಲ್ಲೂ ಒಣ, ಮುಂದೆ ಬೆಲ್ಟಿನ ಹತ್ತಿರ, ಒಣ, ಪಕ್ಕೆಯಲ್ಲಿ, ಒಣ, ಇಳಿ, ಇನ್ನೂ ಕೆಳಗೆ, ಮತ್ತೆ ಗುಂಡಿಗೆ, ಮತ್ತೆ ನನ್ನ ಉಗುಳಿನ ಮೇಲೆ ಕಾಲಿಟ್ಟು ಕತ್ತೆತ್ತಿದೆ — ಇಲ್ಲಿದೆ. ಫಿಲ್ಟರಿನ ಕತ್ತಿನ ಸುತ್ತ ಪೌಡರು ಬೂದು ಬಣ್ಣದ ಅಂಟಾಗಿದೆ, ಮೂಗು ಸುರಿದು ಒಣಗಿದ ಹಾಗೆ, ಅಲ್ಲಿಂದ ಒಂದು ಗೆರೆ ನೇರ ಇಳಿದು ಪೈಪಿನ ಕಡೆ. ಇದಕ್ಕಿಂತ ಮೇಲೆಲ್ಲ ಬಿಳುಪು, ಇಲ್ಲಿಂದ ಶುರು. ಫಿಲ್ಟರು. ಕೈಯಲ್ಲಿ ಹಿಡಿದು ತಿರುಗಿಸಿದೆ, ಬಿಸಿ, ಬಟ್ಟೆ ಸುತ್ತಿ ತಿರುಗಿಸಿದೆ, ಸಡಿಲವಾಯಿತು, ಎಣ್ಣೆ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ಇಳಿಯಿತು, ಬೆಚ್ಚಗೆ, ಯಾರೋ ಮೈಮೇಲೆ ಉಚ್ಚೆ ಹೊಯ್ದ ಹಾಗೆ, ಫಿಲ್ಟರು ಕೈಗೆ ಬಂತು, ಬಾಯಿ ಮೇಲೆ ಮಾಡಿ ಟಾರ್ಚು ಹಿಡಿದೆ. ಒಂದು ರಬ್ಬರ್ ಉಂಗುರ ಇರಬೇಕು. ಎರಡಿವೆ.

ಎರಡು, ಒಂದರ ಮೇಲೊಂದು, ಕೆಳಗಿನದು ಹೊಸದು, ಮೆತ್ತಗೆ ಹೊಳೆಯುತ್ತದೆ, ಮೇಲಿನದು ಹಳೆಯದು, ಗಟ್ಟಿಯಾಗಿ, ಚಪ್ಪಟೆಯಾಗಿ, ಒಂದು ಪಕ್ಕಕ್ಕೆ ಜಾರಿದೆ. ಹಳೇ ಫಿಲ್ಟರು ಬಿಚ್ಚುವಾಗ ಅದರ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆ, ಮಾಡಿದವನು ನೋಡಿಲ್ಲ, ಅದರ ಮೇಲೆಯೇ ಹೊಸದನ್ನು ಹಾಕಿದ್ದಾನೆ, ಎರಡರ ನಡುವೆ ಎಣ್ಣೆ ದಾರಿ ಮಾಡಿಕೊಂಡಿದೆ. ಈ ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿಕೊಡುವ ಮಾತು, ಹಳೇದು ಬಿಚ್ಚಿದ ಮೇಲೆ ಒಂದು ಸಲ ಬೆರಳಾಡಿಸು. ನೋಡಿದ್ರಾ, ಅಂದುಕೊಂಡೆ, ಒಳಗೊಳಗೆ ಒಂದು ಖುಷಿ, ಹೌದು, ಹಾಳು ಖುಷಿ, ಮುದುಕನೇ ಮಾಡಿದ್ದು, ನಾನು ಹೇಳಿದ್ದು ಸುಳ್ಳಲ್ಲ, ಬೋಲ್ಟು ಅಲ್ಲದಿದ್ದರೆ ಇದು — ಫಿಲ್ಟರನ್ನು ತಿರುಗಿಸಿದೆ, ತಗಡಿನ ಮೇಲೆ ಬಿಳೀ ಮಾರ್ಕರಿನಲ್ಲಿ ತಾರೀಖು, ಕಿಲೋಮೀಟರು. ಏಳು. ಏಳರ ನಡುವೆ ಅಡ್ಡ ಗೆರೆ. ಇಡೀ ಗ್ಯಾರೇಜಿನಲ್ಲಿ ಏಳಕ್ಕೆ ಅಡ್ಡ ಗೆರೆ ಹಾಕುವವನು ನಾನೊಬ್ಬನೇ, ಚಿಕ್ಕಪ್ಪ ಮಾರ್ಕರನ್ನು ಮುಟ್ಟುವುದೇ ಇಲ್ಲ. ಆ ತಾರೀಖು, ಸೋರಿಕೆ ಶುರುವಾಗುವ ಮುಂಚಿನ ಆಯಿಲ್ ಚೇಂಜಿನದು, ಆ ದಿನ ಚಿಕ್ಕಪ್ಪ ಉಳಿದಿದ್ದ ಏಳು ಹಲ್ಲನ್ನೂ ಕೀಳಿಸಿಕೊಂಡು ಮನೆಯಲ್ಲಿ ಹತ್ತಿ ಕಚ್ಚಿಕೊಂಡು ಮಲಗಿದ್ದ, ಹತ್ತಿಯಲ್ಲಿ ರಕ್ತ, ಜೊಲ್ಲು, ನಾನು ಬಾಗಿಲಲ್ಲೇ ನಿಂತು ನೋಡಿ ಬಂದಿದ್ದೆ, ಒಳಗೆ ಹೋಗಿರಲಿಲ್ಲ, ಎಲ್ಲ ನನ್ನ ತಲೆ ಮೇಲೇ ಬಿತ್ತಲ್ಲ ಎಂದು ಗೊಣಗಿದ್ದೆ, ಇದೇ ಗುಂಡಿ, ಕಿವಿ ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಬಿಡಿಭಾಗದ ಅಂಗಡಿಯವನ ಮೇಲೆ ಕೂಗಾಡುತ್ತಾ ಒಂದೇ ಕೈಯಲ್ಲಿ ಬಿಚ್ಚಿ, ಬಿಸಾಡಿ, ಹೊಸದಕ್ಕೆ ಎಣ್ಣೆ ಸವರಿ, ತಿರುಗಿಸಿ — ಬೆರಳಾಡಿಸಲಿಲ್ಲ. ನಾನು. ನಡುಗದ ಈ ಕೈ.

ಅಣ್ಣಾ, ಸಿಕ್ತಾ? ಅವಳು ಬಗ್ಗಿದ್ದಾಳೆ, ಮುಖ ತಲೆಕೆಳಗಾಗಿ ಕಾಣುತ್ತಿದೆ. ಸಿಕ್ತಕ್ಕಾ, ಒಂದು ಹಳೇ ರಬ್ಬರು, ಇನ್ನು ಸೋರಲ್ಲ. ಉಂಗುರ ಎರಡನ್ನೂ ಯಾವಾಗ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆನೋ, ಜೇಬಿಗೆ ತುರುಕಿದೆ. ಅಯ್ಯೋ, ಇಷ್ಟಕ್ಕಾ ಎರಡು ತಿಂಗಳು! ಆ ಅಜ್ಜ ಮಾಡಿದ್ದೇನಾ? ಎಷ್ಟು ಹೊತ್ತು, ಒಂದು ಉಸಿರಿನಷ್ಟು, ಹೇಳಬಹುದಿತ್ತು, ಬಾಯಿಯಲ್ಲಿ ನಾಲಿಗೆ ಇತ್ತು, ಹೂಂ, ಅಂದೆ. ಅವಳು ಲೊಚಗುಟ್ಟಿದಳು, ಪಾಪ, ವಯಸ್ಸಾಯ್ತಲ್ಲ, ಬೈಬೇಡಿ ಅವ್ರನ್ನ. ಹೊಸ ಫಿಲ್ಟರು ಹಾಕಿದೆ, ಬೆರಳಾಡಿಸಿದೆ, ಮೂರು ಸಲ, ನಾಲ್ಕು ಸಲ, ಎಣ್ಣೆ ತುಂಬಿ ಇನ್ನೊಂದು ಅರ್ಧ ಗಂಟೆ ಓಡಿಸಿದೆ, ಒಂದು ತೊಟ್ಟೂ ಇಲ್ಲ. ಹೊರಡುವ ಮುಂಚೆ ಅವಳು ಬ್ಯಾಗಿನಿಂದ ಕಾಗದ ಸುತ್ತಿದ ಬ್ರೆಡ್ಡು ತೆಗೆದಳು, ಇದು ಗಾಡೀದಲ್ಲ, ಕೈಯಲ್ಲೇ ಹಿಡ್ಕೊಂಡು ಬಂದಿದ್ದು, ವಾಸನೆ ಇಲ್ಲ, ಅಜ್ಜನಿಗೆ ಕೊಡಿ, ಹಲ್ಲಿಗೆ ಮೆತ್ತಗಿರುತ್ತೆ.

ಮಧ್ಯಾಹ್ನದ ಬಿಸಿಲು, ಮನೆ ಮೂರು ರಸ್ತೆ ಆಚೆ, ಸೋಪು ಹಾಕಿ ಎರಡು ಸಲ ತೊಳೆದ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ನಡೆಯುತ್ತಿದ್ದೇನೆ, ಕಾಗದದ ಮೇಲೆ ನನ್ನ ಹೆಬ್ಬೆರಳು ಮೂಡಿದೆ, ಕಪ್ಪಗೆ, ಇದನ್ನೂ ಕೆಡಿಸಿದೆ, ದಾರಿಯಲ್ಲಿ ಬಿಸಾಡಿಬಿಡಲೇ ಎಂದುಕೊಂಡೆ, ಬಿಸಾಡಲಿಲ್ಲ, ಹೇಳಿಬಿಡುತ್ತೇನೆ, ಊಟಕ್ಕೆ ಮುಂಚೆ, ಇಲ್ಲ ಊಟವಾದ ಮೇಲೆ, ಹೆಂಡತಿ ಒಳಗೆ ಹೋದಾಗ. ಚಿಕ್ಕಪ್ಪ ಬೆಂಚಿನಿಂದೆದ್ದು ಬಂದು ಮೇಜಿಗೆ ಕೂತಿದ್ದಾನೆ, ಬೇಕರಿಯಕ್ಕ ನಿಮಗೆ ಕೊಟ್ಲು, ಎಂದು ಮುಂದಿಟ್ಟೆ. ಕಾಗದದ ಕಪ್ಪು ಗುರುತು ನೋಡಿದ, ಬಿಚ್ಚಿದ, ಮಡಿಸಿ ಪಕ್ಕಕ್ಕಿಟ್ಟ, ಚಾಕು ತೆಗೆದುಕೊಂಡ, ಕೈ ನಡುಗುತ್ತಿದೆ, ಚಾಕು ಬ್ರೆಡ್ಡಿನ ಮೇಲೆ ಟಕಟಕ ಕುಟ್ಟಿ ಆಮೇಲೆ ದಾರಿ ಹಿಡಿಯಿತು, ನೆಟ್ಟಗೆ ಇಳಿಯಿತು, ಸಮನಾದ ಒಂದು ತುಂಡು. ಸಿಕ್ತೇನೋ? ಸಿಕ್ತು ಚಿಕ್ಕಪ್ಪ. ಇನ್ನೊಂದು ತುಂಡು ಕೊಯ್ಯುತ್ತಾ, ನನ್ನ ಕಡೆ ನೋಡದೆ, ಮೆಲ್ಲಗೆ, ಎರಡಿತ್ತಾ?

ಗೊತ್ತಿತ್ತು ಅವನಿಗೆ. ಅವತ್ತು ಅಂಗಳದಲ್ಲೇ ಗೊತ್ತಿತ್ತು, ಫಿಲ್ಟರು ಯಾರು ಹಾಕಿದ್ದೆಂದೂ ಗೊತ್ತಿತ್ತು, ಗುಂಡಿಯಲ್ಲಿ ನಿಂತು ಆ ಏಳನ್ನು ನೋಡಿಯೇ ಮೇಲೆ ಬಂದಿದ್ದ, ಬಾಯಿ ತೆರೆದದ್ದು ಅದನ್ನು ಹೇಳಲು, ಮುಚ್ಚಿಕೊಂಡದ್ದು ಅವಳು ಪಕ್ಕದಲ್ಲಿ ನಿಂತಿದ್ದಳೆಂದು, ನಾನು ಹಲ್ಲುಸೆಟ್ಟು ನೋಡುತ್ತಿದ್ದೆ. ಹೆಂಡತಿ ಪಾತ್ರೆ ಹಿಡಿದು ಬಂದವಳು ಕೇಳುತ್ತಿದ್ದಾಳೆ, ಏನು ಎರಡು? ಚಿಕ್ಕಪ್ಪ ಹೇಳುತ್ತಿದ್ದಾನೆ, ಏನಿಲ್ಲಮ್ಮ, ಏನೋ ಗಾಡಿ ಮಾತು. ತುಂಡನ್ನು ನನ್ನ ತಟ್ಟೆಗೆ ಹಾಕಿದ್ದಾನೆ. ನನ್ನ ಬಲಗೈ ಪ್ಯಾಂಟಿನ ಜೇಬಿನಲ್ಲಿದೆ, ಹೊರಗೆ ಬರುತ್ತಿಲ್ಲ, ಬೆರಳಿಗೆ ಸಿಗುತ್ತಿವೆ, ಜಿಡ್ಡು ಜಿಡ್ಡು, ಮೆತ್ತಗಿನದೊಂದು, ಗಟ್ಟಿಯದೊಂದು, ನಡುವೆ ಉಗುರು ತೂರಿಸಿ ಬಿಡಿಸಲು ನೋಡುತ್ತಿದ್ದೇನೆ, ಬಿಡುತ್ತಿಲ್ಲ, ಎರಡು, ಚಿಕ್ಕಪ್ಪ, ಎರಡಿತ್ತು, ಬಾಯಿಗೆ ಬರುತ್ತಿಲ್ಲ, ಎರಡು ಉಂಗುರ, ಕಪ್ಪಗೆ, ಒಂದರ ಮೇಲೊಂದು, ಎರಡು