ದ್ರೌಪದಿಯ ನಡಿಗೆ

ನಿಜಾಮನ ಸೀಮೆಗೆ ನಾಟಕದ ಇತಿಹಾಸವೇ ಇಲ್ಲ ಎಂದು ಆಚೆ ಸೀಮೆಯ ವಿದ್ವಾಂಸರೊಬ್ಬರು ಬರೆದದ್ದನ್ನು ಓದಿ ನನಗೆ ಮೈಯೆಲ್ಲ ಉರಿದಿತ್ತು. ಯಾದಗಿರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ರಜೆ ಬಂತೆಂದರೆ ಶಹಾಪುರ, ಸುರಪುರದ ಬಸ್ಸು ಹತ್ತಿ ಬಯಲಾಟದವರ ಮನೆಗಳಿಗೆ ಅಲೆಯತೊಡಗಿದೆ. ಕನ್ನಡ ಸೀಮೆಗಳೆಲ್ಲ ಒಂದಾಗುವ ಮಾತು ನಡೆದಿದ್ದ ಕಾಲ. ಅಷ್ಟರೊಳಗೆ ನಮ್ಮದೂ ಒಂದು ಪುಸ್ತಕ ಬಂದು ಇವರ ಬಾಯಿ ಮುಚ್ಚಿಸಲಿ ಎಂಬ ಹಟ ನನಗೆ.

ಸುರಪುರದ ಮೇಳದಲ್ಲಿ ಹತ್ತಾರು ವರ್ಷ ದ್ರೌಪದಿಯಾಗಿ ಕುಣಿದ ಮೆಹಬೂಬನ ವಿಷಯಕ್ಕೆ ಬಂದು ಬರವಣಿಗೆ ನಿಂತಿತು. ಅವನ ಸುದ್ದಿ ಎತ್ತಿದರೆ ಊರವರದೆಲ್ಲ ಒಂದೇ ರಾಗ: "ಪೊಲೀಸ್ ಆಕ್ಷನ್ನಿನಾಗ ಪಾಕಿಸ್ತಾನಕ್ಕ ಓಡಿಹೋದ್ನಂತ್ರಿ."

ಅವನ ಹೆಂಡತಿ ಮೌಲಾಬಿ ಹಾಗನ್ನಲಿಲ್ಲ. "ಓಡಿಹೋಗಿಲ್ರಿ ಮಾಸ್ತರ, ಇಲ್ಲೇ ಸತ್ತಾನ. ಅಷ್ಟು ಬರೀರಿ. ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿದಾಂವನ ಮಗಳು ಅಂತಾರ, ಲಗ್ನ ಕೂಡವಲ್ದು."

ಹೆಂಡತಿಯ ಮಾತೊಂದನ್ನೇ ನಂಬಿ ಬರೆದರೆ ಅದೇ ವಿದ್ವಾಂಸರು ನಗುತ್ತಾರೆ. ಸಾಕ್ಷಿ ಬೇಕಿತ್ತು. ಮೇಳದ ಸಾರಥಿ ಮೌನಪ್ಪನ ಮನೆಗೆ ಹೋದೆ. ಆಟದಲ್ಲಿ ಪ್ರತಿ ಪಾತ್ರವನ್ನೂ ಮಾತಾಡಿಸಿ ಹೆಸರು ಹೇಳಿಸುವವನು ಸಾರಥಿ. ಮುದುಕ ಆ ದಿನಗಳ ಕಥೆ ತೆಗೆದ.

ಪೊಲೀಸ್ ಆಕ್ಷನ್ನೆಂದು ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದಿತ್ತು. ಅವನ ಪರವಾಗಿದ್ದ ರಜಾಕಾರರು ಮಾಡಿದ ದಾಂಧಲೆಗೆ ಸೇಡು ತೀರಿಸಿಕೊಳ್ಳಲು ಹೊರಟವರಿಗೆ ರಜಾಕಾರರು ಸಿಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬಡ ಸಾಬರ ಮೇಲೆ ಬಿದ್ದರು. ಆ ದಿನಗಳಲ್ಲೊಂದು ಮುಂಜಾನೆ ಮೌನಪ್ಪ ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ.

"ಸಂತಿಗಿ ಹೊಂಟ ಮಂದಿಯೊಳಗ ಇಬ್ರು ಹೆಣ್ಮಕ್ಕಳು ಸೆರಗು ಮುಚ್ಚಿಕೊಂಡು ಹೊಂಟಿದ್ರು," ಎಂದ. "ಒಬ್ಬಾಕಿ ನಡಿಗಿ ನೋಡಿ ಎದಿ ಝಲ್ ಅಂತು. ಹೆಣ್ಮಕ್ಕಳು ಹಂಗ ನಡ್ಯಾಂಗಿಲ್ರಿ. ನಮ್ಮ ದ್ರೌಪದಿ ಒಬ್ಬಾಕೀನೇ ನಡೀತಾಳ. ಅಂವ ಸತ್ತಾನ ಅಂತ ಅತ್ತಿದ್ದೆ. ಬದುಕ್ಯಾನಲ್ಲ ಅಂತ ಖುಷಿ ಆಗಿ, ಬಾಯಿಗಿ ಆಟದ ಮಾತೇ ಬಂತು. 'ಬರುವಂಥ ತಾಯಿ, ತಾವು ಧಾರು?' ಅಂದುಬಿಟ್ಟೆ."

"ಅವನು?"

"ಸಾರಥಿ ಕೇಳಿದ ಮ್ಯಾಲ ಪಾತ್ರ ಮಾರಿ ತೋರಿಸಬೇಕಲ್ರಿ? ರೂಢಿ. ತಿರುಗಿ ಸೆರಗು ಸರಿಸಿದ. ನನ್ನ ಬಾಜೂಕ ಬಡಿಗಿ ಹಿಡಕೊಂಡವರು ಕುಂತಿದ್ರು."

ಮೌನಪ್ಪ ಅಳಲಿಲ್ಲ. "ನನ್ನ ಹೆಸರು ಹಾಕಿ ಬರೀರಿ," ಎಂದ. "ಅವರ ಹೆಸರು ಮಾತ್ರ ಕೇಳಬ್ಯಾಡ್ರಿ. ಇದೇ ಊರಾಗ ಅದಾರ. ದಿನಾ ನನಗ ಶರಣು ಅಂತಾರ."

ಸಾಕ್ಷಿ ಸಿಕ್ಕಿತೆಂದು ಒಂದು ಗಳಿಗೆ ನನಗೆ ಸಮಾಧಾನವಾದದ್ದು ನಿಜ. ಎಂಥ ಹಾಳು ಕಸುಬಪ್ಪ ಇದು ಎಂದು ಮರುಗಳಿಗೆಗೆ ನನ್ನ ಮೇಲೇ ಅಸಹ್ಯವಾಯಿತು.

ಬರೆದದ್ದನ್ನು ಮೌಲಾಬಿಗೆ ಓದಿ ಹೇಳಿದೆ. ಮಗಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೌನಪ್ಪ ಕೂಗಿದ ಸಾಲು ಬಂದಾಗ ನನ್ನ ದನಿ ತಾನಾಗಿ ಇಳಿಯಿತು.

"ಜೋರಾಗೇ ಓದ್ರಿ," ಎಂದಳು ಮೌಲಾಬಿ. "ಇನ್ನೊಬ್ಬಾಕಿ ನಾನೇ ಅಲ್ರಿ? ಆ ದನಿ ನನಗ ಗೊತ್ತಿಲ್ಲೇನು? ಪ್ರೀತೀಲೆ ಕರದಾನ ಮುದುಕ. ಅದರಾಗಿಂದ ಅವನ ಹೆಸರು ಹೊಡದು ಹಾಕ್ರಿ." ಆಮೇಲೆ ಕೇಳಿದಳು, "ಕೊಂದವರ ಹೆಸರು ಬರ್ದೀರೇನು?"

"ಯಾರೂ ಹೇಳವಲ್ರು ಮೌಲಾಬಿ."

"ನಾ ನೋಡೀನಿ. ನಾ ಹೇಳ್ತೀನಿ."

ಪೆನ್ನು ಹಿಡಿದು ಕೂತೆ. ಅವಳು ಬಾಯಿ ತೆರೆದಳು. ಆಗ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಮಗಳು ಮೊರ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು.

"ಬ್ಯಾಡ ಬಿಡ್ರಿ," ಎಂದಳು ಮೌಲಾಬಿ. "ಈಕಿ ಇದೇ ಊರಾಗ ಬಾಳ್ಬೇಕು. ಇಲ್ಲೇ ಸತ್ತ ಅಂತಷ್ಟೇ ಬರೀರಿ."

ಹಾಗೇ ಬರೆದೆ. ನನ್ನ ಪುಸ್ತಕದಲ್ಲಿ ಮೆಹಬೂಬನನ್ನು ಯಾರೂ ಕೊಂದಿಲ್ಲ.