ರಸೀದಿ ಇಲ್ಲದವರ ಗಡಿಗೆ

ಒರಳಿನಲ್ಲಿ ಒಣಮೆಣಸಿನಕಾಯಿ ಅರ್ಧ ನುಗ್ಗಾಗಿತ್ತು. ಸಾಬಮ್ಮ ಮೂಗಿಗೆ ಸೆರಗು ಬಿಗಿದುಕೊಂಡು ಒನಕೆ ಎತ್ತಿ ಹಾಕುತ್ತಿದ್ದಳು. ಖಾರದ ಘಾಟು ಓಣಿಯ ತುಂಬ ಹಬ್ಬಿತ್ತು. ಅಂಥದರಲ್ಲಿಯೂ ರೇವಣಪ್ಪ ಬಂದ ಎಂದರೆ ಕೆಲಸ ಗಟ್ಟಿಯಾದದ್ದೇ ಇರಬೇಕು. ಅಂಗಳದಲ್ಲಿ ನಿಂತು ಸೀನಿದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮಾತು ತೆಗೆದ, ಮಾತು ಮುಗಿಯುವ ಮೊದಲೇ ಮತ್ತೆ ಸೀನಿದ. ಸಾಬಮ್ಮ ಒನಕೆ ನಿಲ್ಲಿಸಲಿಲ್ಲ. ಪಕ್ಷದವರು ಬಂದಾಗ ಕೈಯೊಳಗಿನ ಕೆಲಸ ಬಿಡಬಾರದು ಎನ್ನುವುದು ಆಕೆಯ ಹಳೆಯ ನೇಮ.

ರೇವಣಪ್ಪ ಆ ವಾರ್ಡಿನ ಪಕ್ಷದ ಕಾರ್ಯದರ್ಶಿ. ವಾಡಿ ಪುರಸಭೆಯ ಚುನಾವಣೆ ಹತ್ತಿರ ಬಂದಿತ್ತು. ಈ ಸಲ ವಾರ್ಡು ಹೆಂಗಸರಿಗೆ ಮೀಸಲು. ಟಿಕೆಟ್ ಕೇಳಿದವರು ಇಬ್ಬರು. ಒಬ್ಬಳು ಸಾಬಮ್ಮನ ಸೊಸೆ ಲುಂಬಿನಿ, ಹೊಲಿಗೆ ಕೆಲಸದವಳು. ಇನ್ನೊಬ್ಬಳು ಸಿಮೆಂಟ್ ಅಂಗಡಿ ಶರಣಕುಮಾರನ ಹೆಂಡತಿ ರಾಜೇಶ್ವರಿ. ಜಗಳ ಬೇಡ, ವಾರ್ಡಿನೊಳಗೇ ಓಟು ಹಾಕಿಸಿ ಒಂದು ಹೆಸರು ಬರೆದು, ಸಹಿ ಮಾಡಿ ಅಂಚೆಗೆ ಹಾಕಿರಿ ಎಂದು ಕಲಬುರಗಿಯ ಪಕ್ಷದ ಕಚೇರಿಯಿಂದ ಅಪ್ಪಣೆಯಾಗಿತ್ತು. ಚಿತ್ತಾಪುರ, ಶಹಾಬಾದ, ಸೇಡಂ, ಚಿಂಚೋಳಿ ಎಲ್ಲಾ ಕಡೆಯಿಂದ ಹೆಸರು ಹೋಗಿದ್ದವು. ಈ ವಾರ್ಡಿನ ಪತ್ರ ಮಾತ್ರ, ಹೆಸರಿನ ಜಾಗ ಖಾಲಿ ಬಿಟ್ಟುಕೊಂಡು, ರೇವಣಪ್ಪನ ಜೇಬಿನೊಳಗೆ ಬೆವರು ಕುಡಿಯುತ್ತ ಕೂತಿತ್ತು.

ಓಟು ಯಾರು ಹಾಕಬೇಕು ಎನ್ನುವುದೇ ಬಗೆಹರಿದಿರಲಿಲ್ಲ. ಸದಸ್ಯತ್ವದ ರಸೀದಿ ಇದ್ದವರು ಮಾತ್ರ ಎಂದು ಶರಣಕುಮಾರ ಪಟ್ಟು ಹಿಡಿದಿದ್ದ. ಆ ರಸೀದಿಗಳನ್ನು ಹರಿದುಕೊಟ್ಟದ್ದೇ ಅವನ ಅಂಗಡಿಯ ಮುಂದೆ, ಅವನ ಬೀಗರು ಬಿಜ್ಜರಿಗೆ. ಲುಂಬಿನಿಯನ್ನು ಮೆಚ್ಚಿದವರಲ್ಲಿ ಬಹಳ ಮಂದಿ ಯಾವ ಪಕ್ಷದ ಹಂಗಿಗೂ ಬೀಳದವರು. ಗಟಾರ ಕಟ್ಟಿಸುವಾಗ ಅವಳ ಜೊತೆ ಪುರಸಭೆಯ ಮುಂದೆ ಕೂತವರು ಅವರೇ.

“ಅಕ್ಕ, ಒಂದ್ ರಸೀದಿ ಹರೀತೀನಿ, ನಿಮ್ಮ ಹೆಸರು ಬರಸ್ರಿ,” ಎಂದ ರೇವಣಪ್ಪ. “ಸೊಸಿ ಗೆಲ್ಲೂದು ಬ್ಯಾಡೇನ್ರಿ?”

“ಗೆಲ್ಲೂದು ಬೇಕು, ರಸೀದಿ ಬ್ಯಾಡ. ಇಷ್ಟು ವರ್ಷಾತು, ಯಾರ ರಸೀದಿನೂ ಈ ಹೊಸ್ತಿಲ ದಾಟಿ ಒಳಗ ಬಂದಿಲ್ಲ. ಅದಕ್ಕ ಎಲ್ಲಾ ಪಕ್ಷದವರೂ ಬಂದು ಇಲ್ಲಿ ನಿಂದರ್ತೀರಿ. ನಾ ನಿಮ್ಮಾಕಿ ಅಂತ ಬರ್ಕೊಂಡ ಮರುದಿನ ನೀನೂ ಬರಂಗಿಲ್ಲ, ಅವರೂ ಬರಂಗಿಲ್ಲ.”

ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು. ಲುಂಬಿನಿ ಬಾಗಿಲಿಗೆ ಬಂದಳು. ಮುಖ ಕೆಂಪಾಗಿತ್ತು, ಖಾರದ ಘಾಟಿಗೋ ಸಿಟ್ಟಿಗೋ ತಿಳಿಯಲಿಲ್ಲ. ನನ್ನ ಸಲುವಾಗಿಯೂ ಒಂದು ಸಹಿ ಹಾಕುವುದಿಲ್ಲವೇ ಎಂದು ಕೇಳಿದಳು. ಸೊಸೆ ಈ ಮನೆಗೆ ಬಂದಾಗಿನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೂ ಸಾಬಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸಹಿ ಹಾಕುವುದಿಲ್ಲ, ಆದರೆ ಓಟಿನ ದಿನ ಸುಮ್ಮನೆ ಮನೆಯಲ್ಲೂ ಕೂಡುವುದಿಲ್ಲ ಎಂದಳು.

ಆ ಸಂಜೆ ಸಮುದಾಯ ಭವನದಲ್ಲಿ ಪಕ್ಷದವರು ಸೇರಿದಾಗ ಸಾಬಮ್ಮ ಹೋಗಿ ಬಾಗಿಲಲ್ಲಿ ನಿಂತಳು. ಆಕೆಯ ಹಿಂದೆ ಓಣಿಯ ಹೆಂಗಸರು ಗಂಡಸರು ಒಂದಿಷ್ಟು ಮಂದಿ. ನಮ್ಮ ಮನೆಯ ಮಾತಿಗೆ ಹೊರಗಿನವರಿಗೆ ಏನು ಕೆಲಸ ಎಂದು ಶರಣಕುಮಾರ ಕೇಳಿದ.

“ಹೆಣ್ಣು ನೋಡಾಕ ಹೋಗುವಾಗ ಓಣಿಯವರನ್ನ ಒಬ್ಬರನ್ನ ಯಾಕ ಕರ್ಕೊಂಡು ಹೋಗ್ತೀರಿ ತಮ್ಮಾ?” ಎಂದಳು ಸಾಬಮ್ಮ. “ಮನಿಯವರ ಕಣ್ಣಿಗೆ ಕಾಣಲಾರದ್ದು ಅವರಿಗೆ ಕಾಣ್ತದ ಅಂತ ಹೌದಿಲ್ಲೋ?”

“ನೋಡಾಕ ಕರ್ಕೊಂಡು ಹೋಗ್ತೀವಿ. ಹೂಂ ಅನ್ನೂದು ಮನಿಯವರು.”

“ಖರೆ ಅದ. ಹಂಗಾದ್ರ ನಮ್ಮ ಓಟು ಬ್ಯಾರೆ ಗಡಿಗಿಯೊಳಗ ಹಾಕಸ್ರಿ. ಮೊದಲ ಕೇಳ್ರಿ, ಆಮ್ಯಾಲ ಹೂಂ ಅನ್ರಿ.”

ಸಭೆಯಲ್ಲಿ ನಗೆ ಎದ್ದಿತು. ಆದರೆ ರೇವಣಪ್ಪನಿಗೆ ಒಂದು ಅಂಜಿಕೆಯಿತ್ತು, ಅದು ಸುಳ್ಳು ಅಂಜಿಕೆಯೂ ಅಲ್ಲ. ಬಾಗಿಲು ತೆರೆದರೆ ಎದುರು ಪಕ್ಷದವರೂ ನುಗ್ಗಿ, ಸೋಲುವವಳನ್ನೇ ಬೇಕೆಂದು ಆರಿಸಿಟ್ಟು ಹೋದರೆ? ಈ ಓಣಿಯಲ್ಲಿ ಯಾರ ಮಾಳಿಗೆಯ ಮೇಲೆ ಯಾವ ಝೆಂಡಾ ಎಂದು ತೊಟ್ಟಿಲ ಕೂಸಿಗೂ ಗೊತ್ತು ಎಂದಳು ಸಾಬಮ್ಮ. ಬಂದವರು ಎಲ್ಲರ ಎದುರಿಗೆ, ನಾನು ಯಾವ ಪಕ್ಷದವನೂ ಅಲ್ಲ ಎಂದು ಬಾಯಿಬಿಟ್ಟು ಹೇಳಲಿ. ಸುಳ್ಳು ಹೇಳಿದರೆ ಓಣಿಯೇ ಹಿಡಿಯುತ್ತದೆ. ಬಹಳ ಹೊತ್ತು ವಾದವಾಗಿ, ಕೊನೆಗೆ ರಸೀದಿ ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು, ಹೀಗೆ ಎರಡು ಗಡಿಗೆ ಇಡುವುದೆಂದಾಯಿತು. ಎರಡನೆಯದು ಬರೀ ಕೇಳಲಿಕ್ಕೆ ಎಂದು ಶರಣಕುಮಾರ ಮತ್ತೆ ಮತ್ತೆ ಹೇಳಿಸಿಕೊಂಡ.

ಓಟು ಹಾಕುವ ರೀತಿ ಹೆಂಗಸರ ಸಂಘದ್ದು. ಕೈಗೆ ಒಂದು ತೊಗರಿಕಾಳು, ಒಂದು ಕಡಲೆಕಾಳು ಕೊಡುತ್ತಾರೆ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ನಡುವೆ ಸೀಳಿರುತ್ತಾರೆ. ಅದರೊಳಗೆ ಕೈ ಇಳಿಸಿ ಒಂದನ್ನು ಬಿಡಬೇಕು, ಇನ್ನೊಂದನ್ನು ಅಲ್ಲೇ ತಿಂದುಬಿಡಬೇಕು. ಯಾರಿಗೆ ಹಾಕಿದೆ ಎಂದು ಆಮೇಲೆ ಯಾರೂ ಕೈ ಹಿಡಿದು ನೋಡುವ ಹಾಗಿಲ್ಲ. ಲುಂಬಿನಿಗೆ ತೊಗರಿ, ರಾಜೇಶ್ವರಿಗೆ ಕಡಲೆ ಎಂದು ಗೊತ್ತುಮಾಡಿದರು.

ಆದಿತ್ಯವಾರ ಮುಂಜಾನೆ ಭವನದ ಮುಂದೆ ಎರಡು ಸಾಲು ನಿಂತವು. ರಸೀದಿಯವರ ಸಾಲಿಗಿಂತ ರಸೀದಿ ಇಲ್ಲದವರದು ಉದ್ದವಾಗಿ ರಸ್ತೆಗೆ ಬಂದಿತ್ತು. ಎದುರು ಪಕ್ಷದ ಬೀರಲಿಂಗ ಮೆಲ್ಲಗೆ ಬಂದು ಹಿಂದೆ ಸೇರಿಕೊಂಡ. “ಬೀರಣ್ಣ, ಹೆಗಲ ಮ್ಯಾಲಿನ ಶಾಲರೆ ತಗದು ಬರಬಾರದೇನೋ,” ಎಂದು ಯಾರೋ ಅಂದರು. ತನ್ನ ಪಕ್ಷದ ಶಾಲನ್ನು ನೋಡಿಕೊಂಡು ಬೀರಲಿಂಗ ತಾನೂ ನಕ್ಕು, ಚಹಾದ ಅಂಗಡಿಯ ಕಡೆಗೆ ನಡೆದ.

ಸಾಬಮ್ಮನ ಪಾಳಿ ಬಂದಾಗ ಶರಣಕುಮಾರ ಕೈ ಅಡ್ಡ ಹಿಡಿದ. ಆಕೆಯ ಮನೆಯ ಗೋಡೆಯ ಮೇಲೆ ಎದುರು ಪಕ್ಷದ ಗುರುತು ಇವತ್ತಿಗೂ ಎದ್ದು ಕಾಣುತ್ತಿದೆ ಎಂದ. ಮಾತು ಸುಳ್ಳಾಗಿರಲಿಲ್ಲ. ಲುಂಬಿನಿ ತಲೆ ತಗ್ಗಿಸಿದಳು.

ಸಾಬಮ್ಮ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಇಲೆಕ್ಷನ್ ಬಂದಾಗ ಯಾರು ಮೊದಲ ಬಂದು ಸುಣ್ಣ ಹಚ್ಚತಾರ, ಅವರದು ಗ್ವಾಡಿ. ಹಿಂದಿನ ಸಲ ಅವರು ಬಂದ್ರು. ಅದರ ಹಿಂದ ನೀನೇ ಬಂದಿದ್ದಿ ಶರಣಕುಮಾರ, ಸುಣ್ಣ ನೀರಾಗಿತ್ತು, ಮಳಿಗೆ ನಿಂದರಲಿಲ್ಲ. ಗ್ವಾಡಿ ನಾ ಎಲ್ಲಾರಿಗೂ ಕೊಟ್ಟೀನಿ. ಓಟು ಯಾರಿಗೂ ಬರಕೊಟ್ಟಿಲ್ಲ. ಯಾವ ಪಕ್ಷದಾಕೀನೂ ಅಲ್ಲ ನಾನು. ಈ ವಾರ್ಡಿನಾಕಿ.”

ನಕ್ಕವರಲ್ಲಿ ರಸೀದಿಯವರೂ ಇದ್ದರು. ಶರಣಕುಮಾರನ ಕೈ ತಾನಾಗಿ ಇಳಿಯಿತು. ಸಾಬಮ್ಮ ಎರಡೂ ಕಾಳು ಇಸಿದುಕೊಂಡು ಗಡಿಗೆಯೊಳಗೆ ಕೈ ಇಳಿಸಿದಳು. ಲುಂಬಿನಿ ಕಿವಿಗೊಟ್ಟು ನಿಂತಳು, ಅತ್ತೆಯ ಬಾಯಿಯೊಳಗೆ ಕಟುಮ್ಮೆನ್ನುವುದು ಯಾವ ಕಾಳು ಎಂದು. ಸಾಬಮ್ಮನಿಗೆ ಅಗಿಯಲು ಹಲ್ಲುಗಳೆಲ್ಲಿ? ಹಾಗೇ ನುಂಗಿ ನೀರು ಕುಡಿದಳು. ಯಾರಿಗೆ ಹಾಕಿದಿ ಅತ್ತಿ ಎಂದು ಸೊಸೆ ಪಿಸುಗುಟ್ಟಿದರೆ, ಅದನ್ನ ಕೇಳಬಾರದು ನನ್ನವ್ವ ಎಂದು ಅವಳ ಗಲ್ಲ ತಟ್ಟಿ ಹೊರಗೆ ಬಂದಳು. ಇಷ್ಟು ವರ್ಷ ನಾಯಕರು ಆರಿಸಿ ಕಳಿಸಿದವರಿಗೆ ಓಟು ಹಾಕಿದ್ದೇ ಹಾಕಿದ್ದು. ಆರಿಸುವಾಗಲೇ ಒಂದು ಕಾಳು ತನ್ನದೆಂದು ಬಿದ್ದದ್ದು ಇದೇ ಮೊದಲು.

ಮಧ್ಯಾಹ್ನ ಗಡಿಗೆ ಬಿಚ್ಚಿದರು. ರಸೀದಿಯವರ ಗಡಿಗೆಯಲ್ಲಿ ಕಡಲೆ ಮುಂದಿತ್ತು, ಬಹಳ ಅಲ್ಲ. ಇನ್ನೊಂದರಲ್ಲಿ ಎಲ್ಲಾ ತೊಗರಿಯೇ, ನಡುನಡುವೆ ಒಂದೊಂದು ಕಡಲೆ. ಕೇಳಿದ್ದಾಯಿತು, ಇನ್ನು ಹೂಂ ಅನ್ನುವುದು ನಮ್ಮ ಮನೆಯವರು, ರಾಜೇಶ್ವರಿಯ ಹೆಸರು ಬರೆಯಿರಿ ಎಂದ ಶರಣಕುಮಾರ. ರೇವಣಪ್ಪ ಪತ್ರ ತೆಗೆದು ಪೆನ್ನು ಹಿಡಿದ. ಹಿಡಿದವನು ಹಿಡಿದೇ ಇದ್ದ.

ಅಲ್ಲಿಯವರೆಗೆ ಗಂಡನ ಹಿಂದೆ ಕೂತಿದ್ದ ರಾಜೇಶ್ವರಿ ಎದ್ದಳು. ಎರಡೂ ಗಡಿಗೆ ತಂದು ಅಗಲವಾದ ಒಂದೇ ಪರಾತದಲ್ಲಿ ಸುರಿದಳು.

“ಮುಂದ ಕೈ ಮುಗಕೊಂಡು ಈ ಮಂದಿ ಮನಿಮನಿಗೆ ಹೋಗಬೇಕಾದಾಕಿ ನಾನು,” ಎಂದಳು ಗಂಡನಿಗೆ. “ಯಾರು ಬೇಕಂತ ಇವತ್ತೇ ಅವರು ಹೇಳ್ಯಾರ. ಕೇಳಲಾರದಂಗ ಹೋಗಿ ಸೋಲಾಕ ನನಗ ಹೌಸಿಲ್ಲ. ಈಗ ಎಣಸ್ರಿ.”

ಎಣಿಸುವ ಅಗತ್ಯ ಬೀಳಲಿಲ್ಲ. ಹಿತ್ತಾಳೆಯ ಪರಾತದಲ್ಲಿ ತೊಗರಿ ಗುಡ್ಡೆಯಾಗಿತ್ತು. ಪಕ್ಷದವರು ಒಬ್ಬೊಬ್ಬರಾಗಿ ಹೂಂ ಅಂದರು. ಕೊನೆಗೆ, ಅಂಗಡಿ ತೆರೆಯುವ ಹೊತ್ತಾಯಿತೆಂದು ಗೊಣಗುತ್ತ, ಶರಣಕುಮಾರನೂ ಅಂದ. ರೇವಣಪ್ಪ ಖಾಲಿ ಜಾಗದಲ್ಲಿ ಲುಂಬಿನಿಯ ಹೆಸರು ಬರೆದ. ಯಾವ ಪಕ್ಷಕ್ಕೂ ಸೇರದವರೂ ಬಂದಿದ್ದರು ಎಂದು ಅದರೊಳಗೆ ಬರೆ ಎಂದಳು ಸಾಬಮ್ಮ. ಅದನ್ನು ಓದಿದರೆ ಕಲಬುರಗಿಯವರು ಸಿಟ್ಟಿಗೇಳುತ್ತಾರೋ ಏನೋ ಎಂದ ರೇವಣಪ್ಪ. ಏಳಲಿ, ಓದಿದ ಮೇಲೆ ಏಳಲಿ ಎಂದಳು ಆಕೆ. ಅವನು ಒಂದು ಸಾಲು ಸೇರಿಸಿ ಸಹಿ ಮಾಡಿದ. ರಾಜೇಶ್ವರಿ ಕೆಳಗೆ ತನ್ನ ಸಹಿ ಹಾಕಿದಳು.

ಸೋಮವಾರ ಅಂಚೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಓಣಿಯ ಅರ್ಧ ಮಂದಿ ಅಲ್ಲಿದ್ದರು. ರೇವಣಪ್ಪ ಲಕೋಟೆಗೆ ಅಂಟು ಹಚ್ಚಿ ಕಿಟಕಿಯೊಳಗೆ ಚಾಚಿದ. ಒಳಗಿನವನು ತೂಗಿ ನೋಡಿ, ಟಪ್ಪೆಂದು ಮುದ್ರೆ ಒತ್ತಿ, ಕಲಬುರಗಿಗೆ ಹೋಗುವ ಚೀಲಕ್ಕೆ ಎಸೆದ.